ಚಪ್ಪಲಿಗಳು ನಡೆದು ಬಂದ ಸಿನಿಮಾ

ಮೊನ್ನೆ ರವಿವಾರ ವಿಜಯಪುರದ ಇಬ್ರಾಹಿಂಪುರದಲ್ಲಿರುವ ಅಕ್ಕನ ಬಾಡಿಗೆ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಟೀವಿ ಮುಂದೆ ಕಾಲು ಚಾಚಿ ಕೂತೆವು. ನಾವಿಬ್ಬರು ಕೂಡಿದರೆ ನೋಡುವುದು ಒಂದೇ ಥರದ ಸಿನಿಮಾ. ಒಂದರೊಳಗೆ ನಾಲ್ಕೈದು ಕತೆಗಳಿರುವ ದೆವ್ವದ ಸಿನಿಮಾ. ಶುರುವಿಗೆ ಮಕ್ಕಳ ಚಿತ್ರಕತೆಯ ಪುಸ್ತಕದ ಹಾಗೆ ಬಣ್ಣದ ಪುಟ ತೆರೆಯುತ್ತದೆ. ಚೌಕಟ್ಟಿನೊಳಗಿನ ಚಿತ್ರ ಮಿಸುಕಾಡಿ ಮನುಷ್ಯನಾಗುತ್ತದೆ. ಕತೆಯ ಕೊನೆಗೆ ಆ ಮನುಷ್ಯ ಬಾಯಿ ತೆರೆದು ಕಿರುಚುವಾಗ ಮತ್ತೆ ಚಿತ್ರವಾಗಿ ನಿಂತುಬಿಡುತ್ತಾನೆ. ಪುಟ ತಿರುಗುತ್ತದೆ, ಮುಂದಿನ ಪಾಪಿ ಬರುತ್ತಾನೆ. ಮೊನ್ನೆಯ ಸಿನಿಮಾದಲ್ಲಿ ಒಬ್ಬ ಜಿಪುಣನನ್ನು ಅವನದೇ ಕಬ್ಬಿಣದ ಕಪಾಟು ನುಂಗುತ್ತಿತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಚಹಾಕ್ಕಿಡಲು ನಾನು ಒಳಗೆ ಹೋದೆ. ಲೈಟರ್ ಕೆಟ್ಟಿತ್ತು, ಬೆಂಕಿಕಡ್ಡಿ ಗೀರಿದೆ. ಕಡ್ಡಿ ಹೊತ್ತುವಾಗ ಒಂದು ಸಣ್ಣ ಘಾಟು ಮೂಗಿಗೆ ಬಡಿಯುತ್ತದಲ್ಲ, ಅದು ನಡುಮನೆಗೆ ಮುಟ್ಟಿತೋ ಇಲ್ಲವೋ, ಅಕ್ಕ ನಗುವುದನ್ನು ನಿಲ್ಲಿಸಿ ಎದ್ದು ಕಿಟಕಿ ತೆರೆದ ಸಪ್ಪಳ ಕೇಳಿತು.

"ಹೊಸಾ ಲೈಟರ್ ತರಬೇಕ ಬೇ, ಮರತೇ ಬಿಟ್ಟೇನಿ," ಅಂದಳು. ಅವಳ ದನಿ ಹರಿದ ಬಟ್ಟೆಯ ಹಾಗೆ. ಅವಳು ಕೆಲಸ ಮಾಡುವ ಟೈಪಿಂಗ್ ಅಂಗಡಿಗೆ ಬಂದವರೆಲ್ಲ "ನೆಗಡಿ ಆಗೇತೇನ್ರಿ?" ಎಂದು ಕೇಳುತ್ತಾರೆ. ಹೌದ್ರಿ ಅನ್ನುತ್ತಾಳೆ. ಎಷ್ಟೋ ವರ್ಷದ ನೆಗಡಿ ಅದು.

ಆ ಘಾಟು ಗಂಧಕದ್ದು. ಅದು ಬಂದಾಗಲೆಲ್ಲ ನಾನು ಬಿಜ್ಜರಗಿಯ ಒಂದು ಒಣದ್ರಾಕ್ಷಿ ಹಂಗಾಮಿಗೆ ಹೋಗಿ ನಿಲ್ಲುತ್ತೇನೆ. ಹಳೆಯದನ್ನು ನೆನೆದು ಮೆತ್ತಗಾಗುವವರಿದ್ದಾರೆ, ಆದದ್ದು ಆಯಿತು ಅನ್ನುವವರಿದ್ದಾರೆ. ನಾನು ಆ ಪೈಕಿಯವಳಲ್ಲ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ನಾನು ಆರಲು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನಾವು ಬಿಜ್ಜರಗಿಯವರು. ಅವ್ವ ನಾವು ಸಣ್ಣವರಿದ್ದಾಗಲೇ ತೀರಿಕೊಂಡಳು. ಅಕ್ಕ ಕಸ್ತೂರಿ, ನಾನು ಮತ್ತು ಅಪ್ಪ, ಮೂವರದೇ ಮನೆ. ಊರಿನಿಂದ ಟಿಕೋಟಾ ಕಡೆ ಹೋಗುವ ದಾರಿಯಲ್ಲಿ ರಾಯಗೊಂಡಪ್ಪ ಸಾವಕಾರರ ಒಣದ್ರಾಕ್ಷಿ ಶೆಡ್ಡುಗಳಿದ್ದವು. ಸಾವಕಾರರು ನಿಡೋಣಿಯವರು, ದ್ರಾಕ್ಷಿ ತೋಟ ನಮ್ಮ ಕಡೆಗಿತ್ತು. ಶಿವರಾತ್ರಿ ಹೊತ್ತಿಗೆ ಬಿಸಿಲು ಏರುತ್ತಿದ್ದ ಹಾಗೆ ನಮ್ಮ ಊರಿನ ಹೆಂಗಸರೆಲ್ಲ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಹೋಗುತ್ತಿದ್ದೆವು.

ಶೆಡ್ಡು ಅಂದರೆ ಗೋಡೆ ಇಲ್ಲದ ಉದ್ದನೆಯ ಮನೆ. ಮೇಲೆ ತಗಡು, ಕೆಳಗೆ ಕಬ್ಬಿಣದ ಕಂಬ, ಕಂಬದಿಂದ ಕಂಬಕ್ಕೆ ಒಂದರ ಮೇಲೊಂದು ಬಿಗಿದ ಬಲೆಗಳು. ಕೊಯ್ದು ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿ ತಂದ ದ್ರಾಕ್ಷಿಯನ್ನು ಎಣ್ಣೆ ಬೆರೆಸಿದ ಔಷಧಿ ನೀರಿನಲ್ಲಿ ಅದ್ದಿ ಬಲೆಗಳ ಮೇಲೆ ಹರವುತ್ತಿದ್ದೆವು. ಕಾಳಿಗೆ ಬಂಗಾರದ ಬಣ್ಣ ಬರಲಿ ಅಂತ ಗಂಧಕದ ಹೊಗೆ ಕೊಡುತ್ತಾರೆ. ಶೆಡ್ಡಿನ ನಾಲ್ಕೂ ಕಡೆ ದಪ್ಪ ತಾಡಪತ್ರಿಯ ಪರದೆ ಇಳಿಬಿಟ್ಟು, ಕಬ್ಬಿಣದ ಬುಟ್ಟಿಯಲ್ಲಿ ಗಂಧಕ ಸುಟ್ಟು, ಒಳಗೆ ಹೊಗೆ ತುಂಬಿಸುತ್ತಾರೆ. ಆ ಹೊಗೆಯಲ್ಲಿ ಮನುಷ್ಯ ಒಂದು ಉಸಿರು ಎಳೆದರೂ ಎದೆ ಸುಟ್ಟಂತಾಗುತ್ತದೆ.

ತಿನ್ನುವ ಕಾಳು ನೆಲಕ್ಕೂ ಬೀಳುವುದರಿಂದ ಶೆಡ್ಡಿನೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಒಂದು ಬದಿಗೆ ಒಳಹೋಗಲು ಬಿಟ್ಟ ತೆರಪಿಗೇ ಬಾಗಿಲು ಅನ್ನುತ್ತಿದ್ದೆವು, ಅಲ್ಲಿ ಬಿಟ್ಟೇ ಹೋಗಬೇಕು. ಹೀಗಾಗಿ ಗಂಧಕ ಹಚ್ಚುವ ಮೊದಲು ಒಳಗೆ ಇಣುಕಿ, ಹೆಸರು ಹಿಡಿದು ಕೂಗುವ ಉಸಾಬರಿ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಇದ್ದರೆ ಒಳಗೆ ಮನುಷ್ಯರಿದ್ದಾರೆ, ಇಲ್ಲದಿದ್ದರೆ ಇಲ್ಲ. ಎಲ್ಲ ಶೆಡ್ಡುಗಳಲ್ಲೂ ಅದೇ ಪದ್ಧತಿ. ನಮ್ಮ ಶೆಡ್ಡಿನಲ್ಲಿ ಗಂಧಕ ಹಚ್ಚುವ ಕೆಲಸ ಅಪ್ಪನದು.

ಆ ದಿನ ಮಧ್ಯಾಹ್ನ ಪಡುವಲಲ್ಲಿ ಮೋಡ ಏರಿತು. ಅಕಾಲದ ಮಳೆ ಬಂದರೆ ಹರವಿದ ಮಾಲೆಲ್ಲ ಕಪ್ಪಾಗುತ್ತದೆಂದು ಗಡಿಬಿಡಿ ಶುರುವಾಯಿತು. ಹೆಂಗಸರೆಲ್ಲ ಚಪ್ಪಲಿ ಮೆಟ್ಟಿಕೊಂಡು ಆಚೆಯ ಶೆಡ್ಡು ಮುಚ್ಚಲು ಓಡಿದರು, ನಾನೂ ಓಡಿದೆ. ಕಸ್ತೂರಿ ಮಾತ್ರ ಸಡಿಲಾದ ಒಂದು ಬಲೆಯನ್ನು ಕಟ್ಟಿ ಬರುತ್ತೇನೆಂದು ಒಳಸಾಲಿನಲ್ಲಿ ಉಳಿದಳು. ಅದೇ ಹೊತ್ತಿಗೆ ತಾಸಗಾಂವದ ವ್ಯಾಪಾರಿ ಮಾಲು ನೋಡಲು ಬರುವವನಿದ್ದ. ಮಳೆಗೆ ಹೇಗೂ ತಾಡಪತ್ರಿ ಬಿಡಬೇಕು, ಹೊಗೆಯನ್ನೂ ಕೊಟ್ಟುಬಿಡೋಣವೆಂದು ಅಪ್ಪ ಗಂಧಕ ಹಿಡಿದುಕೊಂಡು ಬಂದಾಗ ಬಾಗಿಲಲ್ಲಿ ಒಂದೂ ಚಪ್ಪಲಿ ಇರಲಿಲ್ಲ. ತಾಡಪತ್ರಿ ಬಿಟ್ಟ, ಬುಟ್ಟಿ ಹೊತ್ತಿಸಿದ. ಪಕ್ಕದಲ್ಲಿ ಟ್ರ್ಯಾಕ್ಟರು ಗುಡುಗುಡು ಅನ್ನುತ್ತಿತ್ತು. ಒಳಗಿನ ಕೂಗು ಯಾರಿಗೂ ಕೇಳಲಿಲ್ಲ.

ತಾಡಪತ್ರಿಯ ಅಂಚಿನ ಕೆಳಗಿಂದ ಒಂದು ಕೈ ಹೊರಬಂದು ನೆಲ ಬಗೆಯುವುದನ್ನು ಅಪ್ಪನೇ ನೋಡಿದ. ಅವನೇ ಎಳೆದು ಹೊರಗೆ ಹಾಕಿದ. ಕಸ್ತೂರಿಯ ಕಣ್ಣು ಬಾತು, ಬಾಯಿಂದ ನೊರೆ ಬರುತ್ತಿತ್ತು. ಸಾವಕಾರರ ಕಾರಿನಲ್ಲೇ ವಿಜಯಪುರದ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು. ದನಿ ಹೋಯಿತು. ಅದು ಎಂಥ ದನಿಯೆಂದರೆ, ನಮ್ಮ ಅಂಗಳದಲ್ಲಿ ನಿಂತು ಅವಳು ನನ್ನನ್ನು ಬೈದರೆ ಊರಬಾಗಿಲ ಅಗಸಿಯಲ್ಲಿ ಕೂತವರು ನಗುತ್ತಿದ್ದರು.

ದವಾಖಾನೆಯ ಪಡಸಾಲೆಯಲ್ಲಿ ಸಾವಕಾರರು ಅಪ್ಪನ ಹೆಗಲ ಮೇಲೆ ಕೈ ಇಟ್ಟು, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದರು. "ಮಲ್ಲಪ್ಪಾ, ಹೇಳಬಾರದು, ಆದ್ರೂ ಹೇಳತೀನಿ. ಹುಡುಗಿ ಕ್ರೇಟಿನ ಹಿಂದ ನಿಂತು ಫೋನಿನ್ಯಾಗ ಮಾತಾಡಾಕತ್ತಿದ್ಲು. ನಾ ಕಣ್ಣಾರೆ ನೋಡೇನಿ. ಚಪ್ಪಲಿ ಅಲ್ಲೇ ಬಿಟ್ಟು ಹಿಂದಿನಿಂದ ಒಳಗ ಹೊಕ್ಕಾಳ. ಯಾರ ಜೋಡಿ ಮಾತೋ ಏನೋ, ನಾವ್ಯಾಕ ಕೇಳೂಣು. ಹರೇದ ವಯಸ್ಸು."

ಅಪ್ಪ ಮರುದಿನ ಶೆಡ್ಡಿಗೆ ಹೋಗಿ ಹುಡುಕಿದ. ಪಟ್ಟಿಗೆ ಪಿನ್ನು ಚುಚ್ಚಿದ್ದ ಕಸ್ತೂರಿಯ ಚಪ್ಪಲಿ ನಿಜವಾಗಿಯೂ ಕ್ರೇಟುಗಳ ಹಿಂದೆ ಸಿಕ್ಕವು. ತಂದು ಅವಳ ಮಂಚದ ಕೆಳಗೆ ಎಸೆದ.

"ಶೆಡ್ಡಿನ ಬಾಗಲದಾಗ ಬಿಟ್ಟಿದ್ನಿ ಅಪ್ಪಾ," ಅಂದಳು ಕಸ್ತೂರಿ. ಅಂದಳು ಅನ್ನುವುದು ನನ್ನ ಮಾತು, ತುಟಿ ಅಲ್ಲಾಡಿಸಿ ಗಾಳಿ ಬಿಟ್ಟಳು. "ಯಾರೋ ಸರಿಸ್ಯಾರ. ಸಾವಕಾರನಽ ಇದ್ದ ಅಲ್ಲಿ. ಫೋನ್ ತಗದು ನೋಡು, ಯಾರಿಗೂ ಹಚ್ಚಿಲ್ಲ ನಾ."

"ನಾ ನೋಡೇನಿ. ಬಾಗಲದಾಗ ಇರಲಿಲ್ಲ. ಸಾವಕಾರ್ರು ಯಾಕ ಸುಳ್ಳ ಹೇಳತಾರ?"

ಅಪ್ಪ ಫೋನನ್ನು ನೋಡಲಿಲ್ಲ. ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ. ಪಿಯುಸಿ ಮುಗಿಸಿದ್ದ ಕಸ್ತೂರಿ ಆ ವರ್ಷ ವಿಜಯಪುರದಲ್ಲಿ ಡಿಗ್ರಿಗೆ ಸೇರುವವಳಿದ್ದಳು. ಅದೂ ಆ ಟ್ರಂಕಿನೊಳಗೇ ಹೋಯಿತು. ಅಷ್ಟೇ ಆಗಿದ್ದರೆ ತಡೆಯಬಹುದಿತ್ತು. ಅಪ್ಪ ಅವಳೊಂದಿಗೆ ಮಾತಾಡುವುದನ್ನೇ ಬಿಟ್ಟ. ಊಟಕ್ಕೆ ಬಡಿಸಲು ನನಗೇ ಹೇಳುತ್ತಿದ್ದ. ಊರಲ್ಲಿ ಆಗಲೇ ಅವಳು ಫೋನಿನ ಹುಡುಗಿ ಆಗಿದ್ದಳು. ಊರಿನ ಮಾತಿಗೆ ಕಸ್ತೂರಿ ಕ್ಯಾರೇ ಅನ್ನಲಿಲ್ಲ. ಅಪ್ಪ ನಂಬಲಿಲ್ಲವಲ್ಲ ಅನ್ನುವುದೊಂದೇ ಅವಳನ್ನು ತಿನ್ನುತ್ತಿತ್ತು.

ಅವಳು ಗೋಡೆಗೆ ಮುಖ ಮಾಡಿ ಮಲಗಿದ ಆ ದಿನಗಳಲ್ಲಿ ಟಿಕೋಟಾದಿಂದ ರಜಿಯಾ ಬರುತ್ತಿದ್ದಳು. ಶೆಡ್ಡಿನಲ್ಲಿ ನಮ್ಮ ಜೊತೆ ಕೆಲಸ ಮಾಡುವ ಗೆಳತಿ. ಅವಳ ಅಣ್ಣನದು ಮದುವೆ ವಿಡಿಯೊ ಮಾಡುವ ಅಂಗಡಿ. ರಜಿಯಾ ಫೋನಿನಲ್ಲಿ ಸಿನಿಮಾ ತುಂಬಿಕೊಂಡು ಬಂದು ಮಂಚದ ಪಕ್ಕ ಕೂರುತ್ತಿದ್ದಳು. ಮೊದಲು ಸಂಸಾರದ ಸಿನಿಮಾ ಹಚ್ಚಿದಳು. ಅದರಲ್ಲಿ ಕೊನೆಗೆ ಎಲ್ಲರೂ ಎಲ್ಲರನ್ನೂ ಕ್ಷಮಿಸಿ ಫೋಟೊ ತೆಗೆಸಿಕೊಂಡರು. ಕಸ್ತೂರಿ ಫೋನು ಬೋರಲು ಹಾಕಿದಳು.

ಆಮೇಲೆ ಬಂದದ್ದು ಐದು ಕತೆಯ ದೆವ್ವದ ಸಿನಿಮಾ, ಹಿಂದಿಗೆ ಡಬ್ ಆದದ್ದು. ನಾವು ಹೆದರಲು ತಯಾರಾಗಿ ಕೂತಿದ್ದೆವು. ಹೆದರಿಕೆಯೇ ಬರಲಿಲ್ಲ. ರಕ್ತ ಅಂದರೆ ಜಾತ್ರೆಯ ಶರಬತ್ತಿನ ಬಣ್ಣ. ದೆವ್ವದ ಮುಖ ಹಸಿರು. ಕೆಟ್ಟವನು ಮೊದಲ ಚೌಕಟ್ಟಿನಲ್ಲೇ ನಾಯಿಗೆ ಒದ್ದು ತಾನು ಕೆಟ್ಟವನೆಂದು ನಮಗೆ ತಿಳಿಸಿಬಿಡುತ್ತಾನೆ. ಅವನಿಗೆ ತಕ್ಕದ್ದು ಆಗುತ್ತದೋ ಇಲ್ಲವೋ ಎಂಬ ಚಿಂತೆ ಇಲ್ಲ, ಆಗಿಯೇ ಆಗುತ್ತದೆ. ಹೇಗೆ ಆಗುತ್ತದೆ ಅನ್ನುವುದಷ್ಟೇ ಮಜಾ. ಪೊಲೀಸು, ಸಾಕ್ಷಿ, ಪಂಚರು ಯಾರೂ ಬೇಕಿಲ್ಲ. ಸತ್ತವಳೇ ಎದ್ದು ಬಂದು, ತಲೆ ಬಾಚಿಕೊಂಡು, ನಗುತ್ತಾ ಕುತ್ತಿಗೆ ಹಿಡಿಯುತ್ತಾಳೆ. ಮೂರನೆಯ ಕತೆಯಲ್ಲಿ ಹೆಂಡತಿಯನ್ನು ಹೊಡೆಯುವ ಒಬ್ಬನನ್ನು ಹಾಸಿಗೆಯೇ ಮಡಚಿ ಹಿಂಡಿತು. ಆಗ ಕಸ್ತೂರಿಯ ಗಂಟಲಿನಿಂದ ಗರಗರ ಎಂಬ ಸಪ್ಪಳ ಬಂತು. ಉಸಿರು ಕಟ್ಟಿತೆಂದು ನಾನು ನೀರು ತರಲು ಎದ್ದೆ. ಅವಳು ನಗುತ್ತಿದ್ದಳು.

"ಇನ್ನೊಮ್ಮಿ ಹಚ್ಚ," ಅಂದಳು.

ಜನ ಈ ಸಿನಿಮಾಗಳನ್ನು ಚಿಲ್ಲರೆ ಅನ್ನುತ್ತಾರೆ. ಅನ್ನಲಿ. ಅನ್ಯಾಯ ಮಾಡಿದವನು ಕಾರಿನಲ್ಲಿ ಓಡಾಡುತ್ತಿರುವಾಗ, ಅನುಭವಿಸಿದವಳು ಗೋಡೆಗೆ ಮುಖ ಮಾಡಿ ಮಲಗಿರುವಾಗ, ಹಾಸಿಗೆಯೊಂದು ಎದ್ದು ಬಂದು ಪಾಪಿಯನ್ನು ಹಿಂಡುವುದನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ. ನಾವು ಸಿಕ್ಕಷ್ಟು ನೋಡಿದೆವು. ಕಸ್ತೂರಿ ಎದ್ದು ಕೂತಳು, ಉಂಡಳು, ತಿರುಗಾಡಿದಳು. ಕಣ್ಣ ಮುಂದೆ ಇರಲಿ ಎಂದು ಅಪ್ಪ ಅವಳನ್ನು ಮತ್ತೆ ಶೆಡ್ಡಿಗೆ ಕರೆದುಕೊಂಡು ಹೊರಟ. ಬೇವಿನ ಕೆಳಗೆ ಕೂತು ಒಣಗಿದ ಕಾಳು ಆರಿಸುವ ಕೆಲಸ. ಒಂದು ದಿನ ಬುತ್ತಿ ಬಿಚ್ಚಿದಾಗ ಅವಳೇ ಅಂದಳು. "ನಾವೂ ಒಂದ ಸಿನಿಮಾ ಮಾಡೂಣು."

"ಎಂಥಾದ್ದು?"

"ಇಂಥಾದ್ದ. ನಾಕ ಕತಿ. ಕಡೀದು ನಂದು. ಅಪ್ಪನ ಮುಂದ ಅಂವನ ಬಾಯಿಲೆ ಖರೇ ಹೊರಗ ಬೀಳಬೇಕು."

ಸಿನಿಮಾ ನೋಡಿ ಸಾವಕಾರ ತಪ್ಪೊಪ್ಪಿಕೊಳ್ಳುವುದೇ? ನನಗೆ ನಂಬಿಕೆ ಇರಲಿಲ್ಲ. ಆದರೆ ಎರಡು ವಾರದ ನಂತರ ಕಸ್ತೂರಿಯ ಕಣ್ಣಲ್ಲಿ ಹೊಳಪು ಕಂಡಿದ್ದೆ, ಬೇಡ ಅನ್ನಲು ನಾಲಿಗೆ ಬರಲಿಲ್ಲ. ರಜಿಯಾ ಫೋನು ಹಿಡಿದಳು. ನನಗೆ ಚಿತ್ರ ಬರುತ್ತಿತ್ತು, ಒಣದ್ರಾಕ್ಷಿ ತುಂಬುವ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಒಂದೊಂದು ರಟ್ಟಿನ ಮೇಲೆ ಒಂದೊಂದು ಚೌಕಟ್ಟು ಬರೆದೆ. ಪುಟ ತಿರುಗಿಸುವ ದೆವ್ವದ ಮುದುಕಿ ಬೇಕಲ್ಲ, ಅದಕ್ಕೆ ದ್ಯಾಮವ್ವ ಇದ್ದಳು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಮುಂದಿನ ಒಂದೇ ಹಲ್ಲು ಉಳಿದವಳು.

"ನನಗ ಬಣ್ಣ ಹಚ್ಚತೀರೇನ?" ಎಂದು ಆಸೆಯಿಂದ ಕೇಳಿದಳು.

"ಬ್ಯಾಡ ಬಿಡ ಆಯಿ, ಹಂಗ ನಕ್ರ ಸಾಕು," ಅಂದಳು ರಜಿಯಾ.

ಮೊದಲ ಕತೆಯಲ್ಲಿ ಸೊಸೆ ತಿನ್ನುವ ರೊಟ್ಟಿಯ ಮೇಲೆ ಕಣ್ಣಿಡುವ ಅತ್ತೆಯನ್ನು ಜೋಳದ ರೊಟ್ಟಿಗಳು ಉರುಳುತ್ತಾ ಅಟ್ಟಿಸಿಕೊಂಡು ಬಂದವು. ಎರಡನೆಯದರಲ್ಲಿ ಕಿವಿ ಹಿಂಡುವ ಮಾಸ್ತರನ ಕಿವಿ ನೆಲಕ್ಕೆ ಮುಟ್ಟುವಷ್ಟು ಬೆಳೆಯಿತು. ಮೂರನೆಯದು ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಉಪ್ಪಿಟ್ಟು ತಿಂದು, ಹುಡುಗಿ ಕಪ್ಪು ಅಂತ ಎದ್ದು ಬರುವ ಗಂಡಿನದು. ಕೊನೆಗೆ ಅವನು ಒಂದು ಮನೆಯ ಕುರ್ಚಿಗೆ ಅಂಟಿಕೊಂಡುಬಿಡುತ್ತಾನೆ, ತಾನು ಬೇಡವೆಂದ ಹುಡುಗಿಯರೆಲ್ಲ ಸಾಲಾಗಿ ಬಂದು ಉಪ್ಪಿಟ್ಟು ತಿನ್ನಿಸುತ್ತಾರೆ, ಹೊಟ್ಟೆ ಒಡೆಯುವ ತನಕ. ಈ ಕತೆಗೆ ನಮ್ಮ ಹೆಂಗಸರು ನಟಿಸಲು ನಾ ಮುಂದು ತಾ ಮುಂದು ಅಂದರು. ಪ್ರತಿಯೊಬ್ಬಳಿಗೂ ತಿನ್ನಿಸಬೇಕಾದ ಒಬ್ಬ ಗಂಡು ನೆನಪಿನಲ್ಲಿದ್ದ. ರಜಿಯಾಳ ಅಣ್ಣನ ಕಂಪ್ಯೂಟರಿನಲ್ಲಿ ಮದುವೆ ವಿಡಿಯೊಗಳಿಗೆ ಮದುಮಗಳ ಫೋಟೊವನ್ನು ಪುಟದ ಹಾಗೆ ಮಗುಚಿಸುವ ಆಟವಿತ್ತು, ಅದೇ ನಮ್ಮ ಪುಸ್ತಕದ ಪುಟ ತಿರುಗುವುದಾಯಿತು. ಎಷ್ಟು ಅಳಿಸಿದರೂ ಮೂಲೆಯಲ್ಲೊಂದು ಗುಲಾಬಿ ಹೂವು ಉಳಿದೇ ಉಳಿಯಿತು.

ನಾಲ್ಕನೆಯ ಕತೆಗೆ ಚಪ್ಪಲಿಗಳೇ ದೆವ್ವ. ಒಬ್ಬ ಸಾವಕಾರ ಶೆಡ್ಡಿನ ಬಾಗಿಲಿನಿಂದ ಒಂದು ಜೋಡು ಚಪ್ಪಲಿ ಎತ್ತಿ ಬಚ್ಚಿಡುತ್ತಾನೆ. ಒಳಗಿದ್ದ ಹುಡುಗಿ ಹೊಗೆಯಲ್ಲಿ ಸಾಯುತ್ತಾಳೆ. ಆಮೇಲೆ ಆ ಚಪ್ಪಲಿಗಳು ಅವನನ್ನು ಹುಡುಕಿಕೊಂಡು ನಡೆದು ಬರುತ್ತವೆ. ತೋಟದ ಬಳ್ಳಿ ಕಟ್ಟುವ ನೈಲಾನ್ ದಾರ ಕಟ್ಟಿ, ಒಂದಾದ ಮೇಲೊಂದು ಎಳೆದು ನಡೆಸಿದೆವು. ಕಸ್ತೂರಿಯ ಆ ಪಿನ್ನು ಚುಚ್ಚಿದ ಚಪ್ಪಲಿಗಳನ್ನೇ. ಟೊಕ್, ಟೊಕ್ ಎಂದು ಅವು ಮಣ್ಣಿನ ಮೇಲೆ ಬರುವುದನ್ನು ಫೋನಿನಲ್ಲಿ ನೋಡಿ ನಾವೇ ನಕ್ಕೆವು, ಆಮೇಲೆ ನಾವೇ ಕಾಲು ಹಿಂದಕ್ಕೆ ಎಳೆದುಕೊಂಡೆವು.

ಸಾವಕಾರನ ಪಾರ್ಟು ರಜಿಯಾಳದು, ಆಗ ಫೋನು ಹಿಡಿದವಳು ನಾನು. ಇದ್ದಿಲಿನ ಮೀಸೆ ಬರೆದುಕೊಂಡು, ಸಾವಕಾರರ ಹಾಗೆ ತಲೆಗೆ ಗುಲಾಬಿ ಪಟಗ ಸುತ್ತಿಕೊಂಡು ನಿಂತಳು. ಚಪ್ಪಲಿ ಬಚ್ಚಿಡುವ ದೃಶ್ಯ ಬಂದಾಗ ನನಗೂ ಕಸ್ತೂರಿಗೂ ಜಗಳವಾಯಿತು.

"ಕೈಲೆ ಎತ್ತು," ಅಂದಳು ಕಸ್ತೂರಿ. "ಎರಡೂ ಕೈಲೆ. ಎದಿಗೆ ಅವಚಿ ಹಿಡಿ. ಶಲ್ಯೇದಲೆ ಧೂಳ ಒರಸು."

"ಏನ ಹುಚ್ಚವಾ? ಅಂಥಾವ್ರು ಹೆಣ್ಣಮಕ್ಕಳ ಚಪ್ಪಲಿ ಕೈಲೆ ಮುಟ್ಟತಾರೇನ? ಯಾರೂ ನಂಬಂಗಿಲ್ಲ."

"ಕೈಲೆ ಎತ್ತು ಅಂದೆ."

"ಯಾಕಂತ ಹೇಳಬೇ."

"ಸುಮ್ನ ತಗಿ," ಅಂದಳು. ಅವಳ ಗಂಟಲು ಅಷ್ಟರಲ್ಲೇ ನೋಯತೊಡಗಿತ್ತು. ರಜಿಯಾ ಕೈಯಿಂದಲೇ ಎತ್ತಿದಳು, ಕೂಸಿನ ಹಾಗೆ ಅವಚಿಕೊಂಡು ನಡೆದಳು.

ಹಂಗಾಮು ಮುಗಿದ ದಿನ ಸಾವಕಾರರು ಎಲ್ಲರಿಗೂ ಗೋಧಿ ಹುಗ್ಗಿಯ ಊಟ ಹಾಕಿಸುವ ರೂಢಿ. ಹುಡುಗಿಯರು ಸಿನಿಮಾ ಮಾಡಿದ್ದಾರೆ, ನೀವೇ ಮುಂದೆ ಕೂತು ನೋಡಬೇಕೆಂದು ದ್ಯಾಮವ್ವ ಹೋಗಿ ಕೇಳಿದಳು. ಮುಂದೆ ಕೂರುವುದೆಂದರೆ ಅವರಿಗೆ ಮೊದಲೇ ಪ್ರೀತಿ. ಮದುವೆ ಮನೆಗಳಲ್ಲಿ ಪರದೆಯ ಮೇಲೆ ವಿಡಿಯೊ ಬಿಡುವ ಯಂತ್ರವನ್ನು ರಜಿಯಾಳ ಅಣ್ಣ ತಂದ. ಹಾಡುಹಗಲು, ಬೆಳಕು ತಡೆಯಬೇಕು. ಖಾಲಿಯಾಗಿದ್ದ ಶೆಡ್ಡಿಗೆ ನಾಲ್ಕೂ ಕಡೆ ಅದೇ ತಾಡಪತ್ರಿ ಇಳಿಬಿಟ್ಟೆವು.

ಅದನ್ನು ಇಳಿಬಿಡುವಾಗ ನಾನು ಕಸ್ತೂರಿಯ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಹೊರಗೇ ಇರು ಅಂದೆ. ಕೇಳಲಿಲ್ಲ. ಒಂದು ಮೂಲೆಯಲ್ಲಿ ಕೂತು, ತಾಡಪತ್ರಿಯ ಅಂಚನ್ನು ಗೇಣಿನಷ್ಟು ಎತ್ತಿ ಹಿಡಿದುಕೊಂಡು, ಆ ಸಂದಿಯಿಂದ ಉಸಿರು ಎಳೆದುಕೊಳ್ಳುತ್ತಾ ಕೂತಳು. ಸಾವಕಾರರು ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪಕ್ಕದಲ್ಲಿ ಆ ತಾಸಗಾಂವದ ವ್ಯಾಪಾರಿ. ಅಪ್ಪ ಅವರ ಹಿಂದೆ ಒಂದು ಕ್ರೇಟು ಬೋರಲು ಹಾಕಿಕೊಂಡು ಕೂತಿದ್ದ. ಹೆಂಗಸರು ನೆಲದ ಮೇಲೆ. ದ್ಯಾಮವ್ವ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿದ್ದಳು.

ರೊಟ್ಟಿಗಳು ಉರುಳಿದವು. ಸಾವಕಾರರು ನಕ್ಕರು. ಮಾಸ್ತರನ ಕಿವಿ ಬೆಳೆಯಿತು. ತೊಡೆ ತಟ್ಟಿಕೊಂಡು ನಕ್ಕರು. ಉಪ್ಪಿಟ್ಟಿನ ಕತೆಗೆ ಅವರ ಕಣ್ಣಲ್ಲಿ ನೀರೇ ಬಂತು. "ಯಪ್ಪಾ ಯಪ್ಪಾ, ಏನ ತಲಿ ಓಡಿಸ್ಯಾವಲೇ ಹುಡುಗ್ಯಾರು!" ಎಂದು ವ್ಯಾಪಾರಿಯ ಬೆನ್ನು ತಟ್ಟಿದರು. ಈ ಸಿನಿಮಾಗಳ ಗುಣವೇ ಅದು. ನಗಿಸಿ ನಗಿಸಿ ಕಾವಲು ತೆಗೆಸಿಬಿಡುತ್ತವೆ.

ಪುಟ ತಿರುಗಿತು. ಶೆಡ್ಡಿನ ಬಾಗಿಲು, ಒಂದು ಜೋಡು ಚಪ್ಪಲಿ. ಗುಲಾಬಿ ಪಟಗದ ರಜಿಯಾ ಹೊಟ್ಟೆ ಮುಂದೆ ಮಾಡಿಕೊಂಡು ಬಂದಳು.

"ಏ, ನಾನಽ ಅಲ್ಲೇನಲೇ ಅದು!" ಸಾವಕಾರರಿಗೆ ಖುಷಿಯೇ ಆಯಿತು. "ನನ್ನಂಗ ನಡಿತಾಳ ನೋಡ್ರಿ!"

ಪರದೆಯ ಸಾವಕಾರ ಬಗ್ಗಿದ. ಎರಡೂ ಕೈಯಿಂದ ಚಪ್ಪಲಿ ಎತ್ತಿದ. ಶಲ್ಯದಿಂದ ಧೂಳು ಒರೆಸಿ ಎದೆಗೆ ಅವಚಿಕೊಂಡ. ಹೆಂಗಸರು ಕಿಸಕ್ಕನೆ ನಕ್ಕರು. ವ್ಯಾಪಾರಿ ಅವರಿಗಿಂತ ಜೋರಾಗಿ ನಕ್ಕ.

"ಏನ್ರಿ ಸಾವಕಾರ, ಆಳಿನ ಚಪ್ಪಲಿ ಹೊರೂ ಕೆಲಸಾನೂ ಹಿಡದೀರೇನು?"

ಸಾವಕಾರರ ನಗೆ ತಟ್ಟನೆ ನಿಂತಿತು. "ಹೇ, ಬಂದ್ ಮಾಡಲೇ ಅದನ್ನ! ಸುಳ್ಳ ಐತಿ ಅದು!" ಎಂದು ಎದ್ದು ನಿಂತರು. ಪರದೆಯ ಬೆಳಕು ಅವರ ಪಟಗದ ಮೇಲೆ ಬಿತ್ತು. "ಅಕಿ ಹೊಲಸ ಚಪ್ಪಲಿ ನಾ ಕೈಲೆ ಮುಟ್ಟತೀನೇನ? ನಮ್ಮ ಮನಿತನ ಏನಂತ ತಿಳದೀರಿ? ಕಾಲಿಲೆ ದಬ್ಬೇನಿ, ಕಾಲಿಲೆ! ಹಿಂಗ, ಕ್ರೇಟಿನ ಹಿಂದ!"

ಕಾಲೆತ್ತಿ ತೋರಿಸಿಯೂ ಬಿಟ್ಟರು.

ಆಗ ನನಗೆ ಅಕ್ಕನ ಹಟ ಅರ್ಥವಾಯಿತು. ಆ ಮನುಷ್ಯನ ಮೇಲೆ ಪಾಪ ಹೊರಿಸಿದ್ದರೆ ಗಟ್ಟಿಯಾಗಿ ಕೂತಿರುತ್ತಿದ್ದ. ಅವಳು ಹೊರಿಸಿದ್ದು ಕೀಳು ಅನ್ನಿಸುವ ಕೆಲಸ. ಅದನ್ನು ಮಾತ್ರ ಅವನು ತಡೆದುಕೊಳ್ಳಲಾರ.

ತಮ್ಮ ಬಾಯಿಂದ ಏನು ಬಂತು ಎಂಬುದು ಸಾವಕಾರರಿಗೆ ತಿಳಿದದ್ದು ಆಮೇಲೆ. "ಅಲ್ಲ... ಇವರು ಮಾಲ ನೋಡಾಕ ಬರಾವ್ರಿದ್ರು. ಬಾಗಲದಾಗ ಹರಕ ಚಪ್ಪಲಿ ಬಿದ್ದಿದ್ರ ಛಲೋ ಕಾಣತೈತೇನ... ಒಳಗ ಮಂದಿ ಅದಾರಂತ ನನಗೇನ ಗೊತ್ತು," ಎಂದು ತೊದಲಿದರು. ಬಾಗಿಲಲ್ಲಿ ಚಪ್ಪಲಿ ಇದ್ದರೆ ಒಳಗೆ ಮಂದಿ ಇರುತ್ತಾರೆಂದು ಗೊತ್ತಿಲ್ಲದ ಮಾಲಕ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಅಪ್ಪ ನಿಧಾನವಾಗಿ ಕ್ರೇಟಿನಿಂದ ಎದ್ದ. ಸಾವಕಾರರನ್ನು ಒಂದು ಸಲ ನೋಡಿದ, ಟವೆಲು ಹೆಗಲಿಗೆ ಹಾಕಿಕೊಂಡು ದ್ಯಾಮವ್ವನನ್ನು ದಾಟಿ ಹೊರಗೆ ಹೋದ. ಅವಳು ಅವನಿಗೆ ಕಾಲು ಮಡಚಿ ದಾರಿ ಕೊಟ್ಟಳು.

ಸಾವಕಾರರೂ ಹಿಂದೆಯೇ ಹೊರಟರು. ದ್ಯಾಮವ್ವ ಮತ್ತೆ ಕಾಲು ಚಾಚಿದಳು.

"ಕುಂದರ್ರಿ ಸಾವಕಾರ್ರ. ಹುಡುಗ್ಯಾರು ಕಷ್ಟಪಟ್ಟು ಮಾಡ್ಯಾರ. ಮುಗೀಲಿ."

ಎಲ್ಲ ಹೆಂಗಸರೂ ತಿರುಗಿ ಅವರನ್ನೇ ನೋಡುತ್ತಿದ್ದರು. ಮುದುಕಿಯನ್ನು ದಾಟಿಕೊಂಡು ಹೋಗುವ ಧೈರ್ಯ ಅವರಿಗೆ ಬರಲಿಲ್ಲ. ಕೂತರು. ಚಪ್ಪಲಿಗಳು ಟೊಕ್ ಟೊಕ್ ಎಂದು ಅಂಗಳ ದಾಟಿದವು, ಕಟ್ಟೆ ಹತ್ತಿದವು, ಮಂಚ ಏರಿದವು. ಗುಲಾಬಿ ಪಟಗ ನೆಲಕ್ಕೆ ಉರುಳಿತು. ಕೊನೆಗೆ ಬಾಯಿ ತೆರೆದ ಆ ಮುಖ ಚಿತ್ರವಾಗಿ ನಿಂತಿತು. ಅದರ ಒಂದೊಂದು ಹಲ್ಲನ್ನೂ ನಾನು ಹಲ್ಲು ಕಚ್ಚಿಕೊಂಡು ಬರೆದಿದ್ದೆ. ಆ ಚಿತ್ರದ ಬೆಳಕಿನಲ್ಲಿ ಕೂತಿದ್ದ ನಿಜವಾದ ಮುಖವನ್ನು ನಾನು ಕಣ್ಣು ತುಂಬ ನೋಡಿದೆ. ಹೆಂಗಸರು ಚಪ್ಪಾಳೆ ಹೊಡೆದರು. ನನ್ನ ಜೀವನದಲ್ಲಿ ಅಷ್ಟು ಸಿಹಿಯಾದ ಚಪ್ಪಾಳೆ ನಾನು ಕೇಳಿಲ್ಲ. ಪಾಪ ಅನ್ನಿಸಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಇಲ್ಲ.

ಮರುವರ್ಷ ನಮ್ಮೂರಿನ ಒಬ್ಬ ಹೆಂಗಸೂ ಆ ಶೆಡ್ಡಿಗೆ ಹೋಗಲಿಲ್ಲ. ಸಾವಕಾರರು ಬಬಲೇಶ್ವರ ಸಂತೆಗೆ ಹೋದರೂ ಬೆನ್ನ ಹಿಂದೆ ಯಾರೋ ನಾಲಿಗೆಯಿಂದ ಟೊಕ್ ಟೊಕ್ ಅನ್ನುತ್ತಿದ್ದರಂತೆ. ಇದೆಲ್ಲ ಆಮೇಲಿನ ಮಾತು. ಆ ದಿನ ಹುಗ್ಗಿ ಉಣ್ಣದೆ ನಾವಿಬ್ಬರೂ ಊರ ದಾರಿ ಹಿಡಿದೆವು. ಬಿಸಿಲು ನೆತ್ತಿಯಿಂದ ಸ್ವಲ್ಪ ಇಳಿದಿತ್ತು. ಕಸ್ತೂರಿ ನಗುತ್ತಿದ್ದಳು, ನಾನು ರಜಿಯಾಳ ನಡಿಗೆ ಮಾಡಿ ತೋರಿಸುತ್ತಿದ್ದೆ. ರಸ್ತೆ ಬದಿಯ ಬೇವಿನ ಕೆಳಗೆ ಅಪ್ಪ ನಿಂತಿದ್ದ. ನಮಗಾಗಿಯೇ ಕಾಯುತ್ತಿದ್ದ.

"ಕಸ್ತೂರೀ, ನಿಂದ್ರ ಯವ್ವಾ," ಅಂದ. ಆ ಅಪಘಾತದ ನಂತರ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ಕಣ್ಣು ಕೆಂಪಾಗಿದ್ದವು. ಗಂಧಕದ ಕೆಲಸದವನ ಕಣ್ಣು ಯಾವಾಗಲೂ ಕೆಂಪೇ, ಆದರೂ ಅಂದು ಒದ್ದೆಯಾಗಿದ್ದವು.

"ನಿಂದಽ ಖರೇ ಇತ್ತು. ಅಂವ ತನ್ನ ಬಾಯಿಲೆ ಹೇಳಿದ, ಎಲ್ಲಾರೂ ಕೇಳ್ಯಾರ. ತಪ್ಪಾತು. ಫೋನ್ ಕೊಡತೀನಿ ತಗೋ. ವಿಜಾಪುರಕ ಸಾಲೀಗೂ ಹೋಗು, ನಾ ಇನ್ನ ಏನೂ ಅನ್ನಂಗಿಲ್ಲ. ನನ್ನ ಜೋಡಿ ಮಾತಾಡ ಯವ್ವಾ."

ಕಸ್ತೂರಿ ನಗುವುದನ್ನು ನಿಲ್ಲಿಸಿದಳು. ಇಷ್ಟು ದಿನ ಅವಳು ಬಯಸಿದ್ದು ಇದೇ ಮಾತು. ಓಡಿ ಹೋಗಿ ಅವನನ್ನು ತಬ್ಬಿಕೊಳ್ಳುತ್ತಾಳೆಂದೇ ನಾನು ತಿಳಿದಿದ್ದೆ, ನನಗೂ ಕಣ್ಣು ತುಂಬಿ ಬಂದಿತ್ತು. ಅವಳು ನಿಂತಲ್ಲೇ ನಿಂತಳು. ಉಳಿದಿದ್ದ ಆ ಒಡಕು ದನಿಯನ್ನೆಲ್ಲ ಒಟ್ಟುಗೂಡಿಸಿಕೊಂಡು, ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ನಾ ಹೇಳಿದಾಗ ನಂಬಲಿಲ್ಲ. ಅಂವ ಹೇಳಿದ, ನಂಬಿದಿ. ಇವತ್ತೂ ನೀ ನಂಬಿದ್ದು ಅವನ್ನಽ, ಅಪ್ಪಾ."